ಕಂಪಿಸುವ ಕರವೂ ಸುಚಿತ್ತವೆಂಬ ಹಸ್ತವೂ

ಇಷ್ಟಲಿಂಗವನ್ನು ಧರಿಸಿದ ವಾಮಕರವು ನಿಶ್ಚಲವಾಗಿರಬೇಕು, ದೃಷ್ಟಿಯು ಲಿಂಗದಲ್ಲಿ ನೆಡಬೇಕು ಎಂಬುದು ನಮ್ಮ ಪೂಜಾಕ್ರಮವನ್ನು ಬಲ್ಲವರೆಲ್ಲರಿಗೂ ತಿಳಿದ ಮಾತು. ಆದರೆ ಇಚ್ಛೆಯನ್ನು ಮೀರಿ ಕರವು ನಡುಗತೊಡಗಿದ ಭಕ್ತನು ಏನು ಮಾಡಬೇಕು? ಆ ನಡುಕವನ್ನು ಕಂಡ ನಾವಾದರೂ ಏನೆಂದು ತಿಳಿಯಬೇಕು? ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಾದುದು ನನ್ನದೇ ಒಂದು ಅಪರಾಧ.

ಕೆಲವು ವರ್ಷಗಳ ಹಿಂದೆ ಪಾಠಶಾಲೆಯ ವಟುಗಳಿಗೆ ಪೂಜಾವಿಧಿಯನ್ನು ಬೋಧಿಸುತ್ತ, “ಚಿತ್ತವು ಚಂಚಲವಾದರೆ ಕರವೂ ಚಂಚಲವಾಗುತ್ತದೆ, ನಡುಗುವ ಕೈ ನಡುಗುವ ಭಕ್ತಿಯ ಕುರುಹು” ಎಂದು ಹೇಳಿದೆನು. ವಾಕ್ಯವು ಚೆನ್ನಾಗಿ ಕೂಡಿಬಂತೆಂದು ಒಳಗೊಳಗೇ ಹಿಗ್ಗಿದೆನು ಕೂಡ. ಕಂಬದ ಮರೆಯಲ್ಲಿ ಊರಿನ ವೃದ್ಧರೊಬ್ಬರು ಕುಳಿತಿದ್ದುದನ್ನು ನಾನು ಗಮನಿಸಿರಲಿಲ್ಲ. ಅವರ ಎಡಗೈಗೆ ಆಗಲೇ ಕಂಪವಾತವು ತಗುಲಿತ್ತು. ಅಂದಿನಿಂದ ಅವರು ಸಾಮೂಹಿಕ ಪೂಜೆಗೆ ಬರುವುದನ್ನು ನಿಲ್ಲಿಸಿದರು.

ಈ ರೋಗವನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನರು 1817ರಲ್ಲಿ ಒಂದು ಪ್ರಬಂಧವಾಗಿ ವರ್ಣಿಸಿದರು. ಅವರು ಗಮನಿಸಿದ ರೋಗಿಗಳು ಆರೇ ಮಂದಿ; ಅವರಲ್ಲಿಯೂ ಕೆಲವರನ್ನು ಬೀದಿಯಲ್ಲಿ ಕಂಡುದಷ್ಟೇ. 1919ರಲ್ಲಿ ಪ್ಯಾರಿಸ್ಸಿನ ತ್ರೆತ್ಯಾಕೋಫರು ಮೃತ ರೋಗಿಗಳ ಮೆದುಳನ್ನು ಪರೀಕ್ಷಿಸಿ, ನಡುಮೆದುಳಿನಲ್ಲಿ ಸಹಜವಾಗಿ ಕಪ್ಪಾಗಿರುವ ಒಂದು ಸಣ್ಣ ಭಾಗದ ಕೋಶಗಳು ನಶಿಸಿರುವುದನ್ನು ತೋರಿಸಿದರು. ಬಸವಣ್ಣನವರು ಶರೀರವನ್ನು ಶಿವಾಲಯವಾಗಿ, ತಲೆಯನ್ನು ಅದರ ಕಲಶವಾಗಿ ಕಂಡುದನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ಕಲಶದ ಒಳಗೇನಿದೆಯೆಂದು ಇಣಿಕಿ ನೋಡುವ ಗೋಜಿಗೆ ಮಾತ್ರ ಹೋದವರಲ್ಲ.

ಆ ಕಪ್ಪು ಕೋಶಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುತ್ತವೆ. ಅದರ ಮಹತ್ತ್ವವನ್ನು ಕಂಡುಹಿಡಿದ ಕಥೆಯಲ್ಲಿ ನಮ್ಮ ನೆಲದ ಎರಡು ಗಿಡಗಳ ಹೆಸರು ಬರುವುದು ಸ್ವಾರಸ್ಯವಾಗಿದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಎಂಬ ಔಷಧವನ್ನು ಮೊಲಗಳಿಗೆ ಕೊಡಲು, ಅವು ಕಿವಿಗಳನ್ನು ಜೋಲಿಸಿ ಕದಲದೆ ಬಿದ್ದುವು. ದೇಹದಲ್ಲಿ ಡೋಪಮಿನ್ನಾಗಿ ಮಾರ್ಪಡುವ ಎಲ್-ಡೋಪಾ ಎಂಬುದನ್ನು ಕೊಟ್ಟೊಡನೆ ಎದ್ದು ಓಡಾಡಿದುವು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆ ಎಲ್-ಡೋಪಾ ಬೇಲಿಯ ನಸುಗುನ್ನಿಯ ಬೀಜದಲ್ಲಿಯೂ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು 1937ರಲ್ಲಿಯೇ ತೋರಿಸಿದ್ದರು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದರೊಡನೊಂದು ಹೆಣೆದುಕೊಂಡು ಸುತ್ತುಮಾರ್ಗಗಳಾಗಿವೆ. ಚಲನೆಯ ಸಂಕಲ್ಪವು ಮೆದುಳಿನ ಹೊರಪದರದಿಂದ ಹೊರಟು, ಆಳದ ನರಗ್ರಂಥಿಗಳನ್ನು ಹಾಯ್ದು, ಮತ್ತೆ ಹೊರಪದರಕ್ಕೇ ಮರಳುತ್ತದೆ. ನೀರು ಹಾಯಿಸುವ ರೈತನು ಒಂದು ಮಡೆಯನ್ನು ತೆರೆದು ಇನ್ನೊಂದನ್ನು ಕಟ್ಟುವಂತೆ, ಯಾವ ಚಲನೆಗೆ ದಾರಿ, ಯಾವುದಕ್ಕೆ ತಡೆ ಎಂಬುದು ಈ ಸುತ್ತಿನಲ್ಲಿ ನಿರ್ಣಯವಾಗುತ್ತದೆ. ಡೋಪಮಿನ್ ಬತ್ತಿದರೆ ಬೇಕಾದ ಚಲನೆಗೆ ದಾರಿ ಸಿಗದು, ಬೇಡದ ನಡುಕಕ್ಕೆ ತಡೆಯಿರದು.

ನನ್ನನ್ನು ನಾಚಿಸಿದ ಸಂಗತಿ ಮತ್ತೊಂದು. ಈ ನಡುಕವು ಕೈಯು ಕೆಲಸವಿಲ್ಲದೆ ವಿಶ್ರಮಿಸುವಾಗಲೇ ಹೆಚ್ಚು. ಏನನ್ನಾದರೂ ಎತ್ತಿಕೊಳ್ಳಲು ಚಾಚಿದರೆ ತಗ್ಗುತ್ತದೆ. ನೂರರಿಂದ ಹಿಂದಕ್ಕೆ ಎಣಿಸಿರೆಂದು ವೈದ್ಯರು ಹೇಳಿ, ರೋಗಿಯು ಮನಸ್ಸನ್ನು ಅದರಲ್ಲಿ ತೊಡಗಿಸಿದಾಗ ನಡುಕವು ಏರುವುದುಂಟು. ಆ ವೃದ್ಧರು ಕುಳಿತು ಮಂತ್ರದಲ್ಲಿ ಮನವಿಟ್ಟಷ್ಟೂ ಅವರ ಕೈ ಹೆಚ್ಚು ನಡುಗಿರಬಹುದು. ನಾನು ಚಾಂಚಲ್ಯವೆಂದು ಓದಿದ ಅಕ್ಷರವು ಏಕಾಗ್ರತೆಯದಾಗಿದ್ದಿತೇನೋ!

ಇಲ್ಲಿಗೆ ಮುಗಿದಿದ್ದರೆ ಸಮಾಧಾನವಾಗುತ್ತಿತ್ತು. ಷಟ್‌ಸ್ಥಲಶಾಸ್ತ್ರವು ಲಿಂಗಾರ್ಪಣಕ್ಕೆ ಆರು ಹಸ್ತಗಳನ್ನು ಹೇಳುತ್ತದೆ: ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ. ಇವುಗಳಲ್ಲಿ ಚರ್ಮದ ಕೈ ಒಂದೂ ಇಲ್ಲ. ಸುಚಿತ್ತಹಸ್ತವು ಸ್ಥಿರವಾಗಿದ್ದರೆ ಸಾಕೆಂದು ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ಸುಚಿತ್ತಕ್ಕೂ ಅದೇ ಮೆದುಳಿನ ಆಶ್ರಯವುಂಟೆಂಬುದೇ ತೊಡಕು.

ಕಂಪವಾತಕ್ಕೆ ಕೊಡುವ ಗುಳಿಗೆಗಳಲ್ಲಿ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮುಂತಾದವು ಡೋಪಮಿನ್ನಿನ ಕೆಲಸವನ್ನೇ ಅನುಕರಿಸುತ್ತವೆ. ಇವನ್ನು ಸೇವಿಸುವ ಕೆಲವರಲ್ಲಿ ಹಿಂದೆಂದೂ ಇಲ್ಲದ ಜೂಜಿನ ಚಟ, ಕಂಡದ್ದನ್ನೆಲ್ಲ ಕೊಳ್ಳುವ ಹುಚ್ಚು, ಕಾಮದ ಉದ್ರೇಕ ತಲೆದೋರುತ್ತವೆ. ಅಮೆರಿಕ ಮತ್ತು ಕೆನಡಾಗಳ 3,090 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ಗುಳಿಗೆಗಳನ್ನು ಸೇವಿಸುವವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ, ಸೇವಿಸದವರಲ್ಲಿ ಸುಮಾರು 7 ಮಂದಿಗೆ ಇಂಥ ವಿಕಾರಗಳು ಕಂಡುಬಂದುವು. ಪ್ರಮಾಣವನ್ನು ತಗ್ಗಿಸಿದರೆ ಅನೇಕರಲ್ಲಿ ಅವು ಇಳಿಯುತ್ತವೆ. (ಇದನ್ನೋದಿ ಯಾರೂ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸುವುದು ಅಪಾಯಕರ. ವೈದ್ಯರಿಗೆ ತಿಳಿಸಬೇಕು.)

ಹಾಗಾದರೆ ಆ ಲೋಭವು ಯಾರದು? ಗುಳಿಗೆಯದೆನ್ನೋಣವೇ? ಹಾಗೆಂದರೆ ನಮ್ಮ ಸದಾಚಾರವೂ ಒಂದು ದ್ರವ್ಯದ ಪ್ರಮಾಣವಷ್ಟೇ ಆಗಿಹೋಗುತ್ತದೆ. ಚಟಕ್ಕೆ ಬೀಳದ ಉಳಿದ 83 ಮಂದಿಯನ್ನು ಸಂಯಮಕ್ಕೆ ಸಾಕ್ಷಿಯಾಗಿ ಕರೆಯುವುದೂ ನ್ಯಾಯವಲ್ಲ. ಅವರ ಮೆದುಳು ಆ ಗುಳಿಗೆಗೆ ಅಷ್ಟಾಗಿ ಓಗೊಡದೆ ಇದ್ದಿರಬಹುದು. ನನಗೆ ತೋರುವುದಿಷ್ಟು: ಬಯಕೆಯು ಎದ್ದುದಕ್ಕೆ ಆತನು ಹೊಣೆಯಲ್ಲ. ಆದರೆ ಇದು ಔಷಧದ ವಿಕಾರವೆಂದು ತಿಳಿದ ಮೇಲೆ ಮಡದಿಯನ್ನು ಕರೆದು ಪೆಟ್ಟಿಗೆಯ ಬೀಗದ ಕೈಯನ್ನು ಒಪ್ಪಿಸಬಲ್ಲಷ್ಟು ಅರಿವು ಆತನಲ್ಲಿ ಉಳಿದಿದ್ದರೆ, ಅಷ್ಟರ ಮಟ್ಟಿಗೆ ಹೊಣೆಯೂ ಉಳಿದಿದೆ. ಆ ಅರಿವನ್ನೂ ರೋಗವು ಮಸುಳಿಸಿದ್ದರೆ ಹೊಣೆಯು ಮನೆಯವರ ಹೆಗಲಿಗೆ ಬರುತ್ತದೆ. ಯಾರಲ್ಲಿ ಎಷ್ಟು ಉಳಿದಿದೆಯೆಂಬುದು ಹೊರಗಿನವರ ಕಣ್ಣಿಗೆ ಕಾಣುವಂಥದಲ್ಲ. ಕಂಬದ ಈಚೆ ನಿಂತ ಉಪಾಧ್ಯಾಯನಿಗಂತೂ ಕಾಣದು. ನಾನು ಆ ವಾಕ್ಯವನ್ನು ನುಡಿದಾಗ ನನ್ನ ಮೆದುಳಿಗೆ ಯಾವ ರೋಗವೂ ಇರಲಿಲ್ಲ, ಯಾವ ಗುಳಿಗೆಯನ್ನೂ ನುಂಗಿರಲಿಲ್ಲ.

ಕಳೆದ ಶ್ರಾವಣದಲ್ಲಿ ಆ ವೃದ್ಧರ ಮನೆಗೆ ಹೋಗಿ ಕ್ಷಮೆಯನ್ನು ಬೇಡಿದೆನು. ಈ ರೋಗವು ಮುಖದ ಸ್ನಾಯುಗಳನ್ನೂ ಬಿಗಿಯುವುದರಿಂದ ಅವರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. “ಪೂಜೆಯ ಹೊತ್ತಾಯಿತು, ಕೂಡಿರಿ ಮಾಸ್ತರರೇ” ಎಂದರು. ದಿನವೂ ಅವರ ಅಂಗೈಯ ಕೆಳಗೆ ತನ್ನ ಅಂಗೈಯನ್ನಿಟ್ಟು ಆಧರಿಸುವ ಮೊಮ್ಮಗಳು ಅಂದು ಊರಲ್ಲಿರಲಿಲ್ಲ. ನಾನೇ ಕೈಯಿಟ್ಟೆನು. ಪೂಜೆಯು ಮುಗಿಯುವ ಮೊದಲೇ ನನ್ನ ಕೈ ಸೋತಿತು. ಅವರದು ನಡುಗುತ್ತಲೇ ಲಿಂಗವನ್ನು ಹಿಡಿದಿತ್ತು.