ಮಾಳಿಗೆಗೆ ಗೋಡೆ ಇದೆಯಾ?

ಧರ್ಮೋಪದೇಶಕಾಂಡ 22:8 ತೆಗೀರಿ. ಗೋಡೆಯಿಲ್ಲದ ಮಾಳಿಗೆಯಿಂದ ಯಾರಾದರೂ ಬಿದ್ದು ಸತ್ತರೆ, ದೋಷ ಮನೆ ಕಟ್ಟಿದವನದು. ತಳ್ಳಿದ್ದು ಯಾರು ಅಂತಲ್ಲ, ಗೋಡೆ ಕಟ್ಟಬೇಕಾದವರು ಯಾರು ಅಂತ ದೇವರು ಕೇಳ್ತಾರೆ.

2016ರ ನವೆಂಬರ್ 7, ‘ಮಾಸ್ತಿಗುಡಿ’ ಶೂಟಿಂಗ್. ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಲೈಫ್ ಜಾಕೆಟ್ ಇಲ್ಲದೆ ಮುಳುಗಿಹೋದರು. 2021ರಲ್ಲಿ ಅಮೆರಿಕದ ‘ರಸ್ಟ್’ ಸೆಟ್‌ನಲ್ಲಿ, ಅಪಾಯವಿಲ್ಲ ಅಂತ ಹೇಳಿ ಕೊಟ್ಟ ರಿವಾಲ್ವರ್‌ನಲ್ಲಿ ನಿಜವಾದ ಗುಂಡಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಹೋದರು. ಬಂದೂಕುಗಳ ಉಸ್ತುವಾರಿ ಹೊತ್ತವಳಿಗೆ 18 ತಿಂಗಳ ಜೈಲಾಯಿತು.

ಶಿಕಾರಿಪುರ, ಸೊರಬದ ಯೌವನಸ್ಥರೇ, ನಾನು ನಿಮ್ಮನ್ನೇ ಕೇಳ್ತೀನಿ: ಊರಿನ ಮನೇಲಿ ಕೋವಿ ಇದೆಯಾ? ರಜೆಗೆ ಹೋದಾಗ ರೀಲ್ಸ್‌ಗಾಗಿ ಗೆಳೆಯನತ್ತ ಗುರಿ ಹಿಡಿಯಬೇಡಿ. ಖಾಲಿ ಅಂತ ಯಾರೇ ಹೇಳಲಿ, ತುಂಬಿದೆ ಅಂತಲೇ ತಿಳಿಯಿರಿ. ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿಡಿ. “ಗೊತ್ತಿರಲಿಲ್ಲ” ಅನ್ನೋ ಮಾತು ಗೋಡೆಯಾಗಲ್ಲ. ಕರ್ತನು ನಮ್ಮನ್ನು ಎಚ್ಚರವಾಗಿಡಲಿ. ಆಮೆನ್.