ಬಣ್ಣ ಹೋಗುವುದೆಲ್ಲಿಗೆ?

ಸೀರೆ ಕೊಳ್ಳುವಾಗ ಅಂಗಡಿಯವನನ್ನು ನಾವು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬಣ್ಣ ಹೋಗುವುದಿಲ್ಲ ತಾನೇ? ಅವನು ಕೊಡುವ ಗ್ಯಾರಂಟಿಯ ಹಿಂದೆ ರಸಾಯನಶಾಸ್ತ್ರದ ನೂರೈವತ್ತು ವರ್ಷಗಳಿಗೂ ಮಿಕ್ಕಿದ ದುಡಿಮೆಯಿದೆ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣ ಮಾಡಿ ಕೂತ. ಅಲ್ಲಿಂದೀಚೆಗೆ ಬಿಸಿಲು, ಸೋಪು, ಬೆವರು ಯಾವುದಕ್ಕೂ ಜಗ್ಗದ ಅಣುಗಳನ್ನು ಕಟ್ಟುತ್ತಲೇ ಬಂದಿದ್ದೇವೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಂತೂ ನೂಲಿನೊಂದಿಗೆ ರಾಸಾಯನಿಕ ಬಂಧವನ್ನೇ ಬೆಸೆದುಕೊಳ್ಳುತ್ತವೆ. ಆದರೆ ತೊಟ್ಟಿಗೆ ಸುರಿದ ಬಣ್ಣವೆಲ್ಲ ನೂಲು ಹಿಡಿಯುವುದಿಲ್ಲ. ಹಿಡಿಯದ ಪಾಲು ಚರಂಡಿಗೆ ಬೀಳುತ್ತದೆ, ಅದೇ ಹಟದೊಂದಿಗೆ. ಬಟ್ಟೆಯಲ್ಲಿದ್ದಾಗ ಬಾಳಿಕೆ ಎನಿಸಿಕೊಂಡ ಗುಣವೇ ಹೊಳೆಗೆ ಇಳಿದ ಮೇಲೆ ಪೀಡೆ.

ತಿರುಪ್ಪೂರಿನ ನೊಯ್ಯಲ್ ಇದಕ್ಕೆ ಸಾಕ್ಷಿ. ಅದು ಕಾವೇರಿಯ ಉಪನದಿ. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ಕಾರ್ಖಾನೆಗಳ ಕೊಳಚೆಯ ಕೆರೆಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ನೀರನ್ನೂ ಹೊರಬಿಡದೆ ಮತ್ತೆ ಬಳಸಬೇಕೆಂಬ ಕಟ್ಟಳೆ ಗಟ್ಟಿಯಾಯಿತು.

ಇಂಥ ನೀರಿಗೆ ಕಿಣ್ವದ ಮದ್ದು ಹುಡುಕಿದವರು ನೋಡಿದ್ದು ಕಾಡಿನ ಕಡೆಗೆ. ಮಳೆಗಾಲ ಕಳೆದ ಮೇಲೆ ಮಲೆನಾಡಿನಲ್ಲಿ ಕುಂಬು ಹಿಡಿದ ದಿಮ್ಮಿಯೊಂದನ್ನು ಮುರಿದು ನೋಡಿ. ಕೆಲವು ದಿಮ್ಮಿಗಳ ಒಳಗು ಬೆಳ್ಳಗೆ, ನಾರುನಾರಾಗಿ, ಸ್ಪಂಜಿನಂತೆ ಕೈಗೆ ಬರುತ್ತದೆ. ಮರಕ್ಕೆ ಗಡಸುತನವನ್ನೂ ಕಂದು ಬಣ್ಣವನ್ನೂ ಕೊಡುವ ಲಿಗ್ನಿನ್ನನ್ನು ಶಿಲೀಂಧ್ರ ತಿಂದು ಹಾಕಿದೆ ಎಂದು ಅರ್ಥ. ಲಿಗ್ನಿನ್ ಸುಲಭದ ತುತ್ತಲ್ಲ, ಅದರ ಜೋಡಣೆಗೆ ಹೇಳಿಕೊಳ್ಳುವಂಥ ಕ್ರಮವೇ ಇಲ್ಲ. ಕಿಣ್ವಕ್ಕೂ ಅದರ ಗುರಿಗೂ ಬೀಗ-ಕೀಲಿಕೈಯ ಸಂಬಂಧ ಎಂದು ಎಮಿಲ್ ಫಿಷರ್ 1894ರಲ್ಲಿ ಹೇಳಿದ. ಆದರೆ ಪ್ರತಿ ಬೀಗವೂ ಬೇರೆ ಬೇರೆಯಾಗಿರುವಲ್ಲಿ ಅಚ್ಚುಕಟ್ಟಾದ ಕೀಲಿಕೈ ಯಾತಕ್ಕೆ? ಶಿಲೀಂಧ್ರ ಗುರುತು ಪರಿಚಯ ಕೇಳದ ಕಿಣ್ವಗಳನ್ನು ಹೊರಗೆ ಸ್ರವಿಸಿಬಿಡುತ್ತದೆ. ಅವುಗಳಲ್ಲೊಂದು ಲ್ಯಾಕೇಸ್. ಎದುರಿಗೆ ಸಿಕ್ಕಿದ ಫೀನಾಲಿನಂಥ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಸಿಯುವುದಷ್ಟೇ ಅದರ ಕೆಲಸ. ತನ್ನಲ್ಲಿರುವ ನಾಲ್ಕು ತಾಮ್ರದ ಪರಮಾಣುಗಳ ಮೂಲಕ ನಾಲ್ಕು ಎಲೆಕ್ಟ್ರಾನ್ ಕೂಡಿಸಿ, ಗಾಳಿಯ ಆಮ್ಲಜನಕಕ್ಕೆ ದಾಟಿಸಿ, ನೀರಾಗಿಸುತ್ತದೆ. ಪ್ರಯೋಗಾಲಯದಲ್ಲಿ ಜವಳಿಯ ನೀಲಿ ಬೆರೆಸಿದ ಅಗಾರ್ ತಟ್ಟೆಯ ನಡುವೆ ಇಂಥ ಶಿಲೀಂಧ್ರದ ಚೂರೊಂದನ್ನು ಇಟ್ಟರೆ ಕೆಲವೇ ದಿನಗಳಲ್ಲಿ ಅದರ ಸುತ್ತ ಬಣ್ಣವಿಲ್ಲದ ವೃತ್ತ ಹರಡತೊಡಗುತ್ತದೆ. ನೀಲಿಯ ಅಂಚು ದಿನದಿನಕ್ಕೆ ಹಿಂದೆ ಸರಿಯುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕತೆ: ಪ್ರಕೃತಿಯೇ ತೊಳೆಯುತ್ತದೆ, ನಾವು ನೆಮ್ಮದಿಯಾಗಿರಬಹುದು. ಆದರೆ ಲ್ಯಾಕೇಸ್ ಮೊದಲು ಸಿಕ್ಕಿದ್ದು ಅಣಬೆಯಲ್ಲಿ ಅಲ್ಲ. 1883ರಲ್ಲಿ ಜಪಾನಿನ ಹಿಕೊರೊಕುರೊ ಯೋಶಿದಾ ಅದನ್ನು ಕಂಡದ್ದು ಮೆರುಗು ಬಳಿಯಲು ಬಳಸುವ ಲ್ಯಾಕರ್ ಮರದ ಸೊನೆಯಲ್ಲಿ. ಅಲ್ಲಿ ಅದರ ಕೆಲಸ ಮುರಿಯುವುದಲ್ಲ, ಕಟ್ಟುವುದು. ಹಸಿ ಸೊನೆಯನ್ನು ಶತಮಾನಗಳ ಕಾಲ ನಿಲ್ಲುವ ಗಡುಸು ಹೊಳಪಾಗಿಸುವುದು ಅದೇ ಕಿಣ್ವ. ಗಿಡಮರಗಳ ಒಳಗೆ ಲಿಗ್ನಿನ್ ಕಟ್ಟುವುದಕ್ಕೂ ಅದರ ಬಳಗದವೇ ಕೈಹಾಕುತ್ತವೆ. ಮರ ಕಟ್ಟಿಕೊಳ್ಳಲು ಬಳಸಿದ್ದನ್ನೇ ಶಿಲೀಂಧ್ರ ಕೆಡವಲು ಬಳಸುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಅಣು ಪಕ್ಕದ್ದರೊಡನೆ ಬೆಸೆದುಕೊಂಡೀತು, ಇಲ್ಲವೇ ಒಡೆದೀತು. ಯಾವುದೆಂಬುದು ಸುತ್ತಲ ಸಂದರ್ಭದ ಮಾತು. ಹಾಗಾದರೆ ಬಾಳುವುದೂ ಅಳಿಯುವುದೂ ಎದುರುಬದುರು ನಿಂತ ಎರಡು ಶಕ್ತಿಗಳಲ್ಲವೇನೋ. ಕಿಣ್ವಕ್ಕೆ ಶುದ್ಧಿಯ ಹಂಬಲವಿಲ್ಲ. ಆ ಹಂಬಲ ನಮ್ಮದು, ಅದನ್ನು ಅದರ ಹೆಗಲಿಗೆ ಹೊರಿಸಿದವರೂ ನಾವೇ. ಅಂದಹಾಗೆ ಜೀನ್ಸ್ ಪ್ಯಾಂಟನ್ನು ಹಳೆಯದಾಗಿ ಕಾಣಿಸಲು ಕಾರ್ಖಾನೆಗಳು ಬಳಸುವುದರಲ್ಲಿ ಇದೇ ಲ್ಯಾಕೇಸ್ ಕೂಡ ಒಂದು. ಒಂದೆಡೆ ಬಣ್ಣ ಹೋಗಬಾರದು, ಇನ್ನೊಂದೆಡೆ ಹೋದಂತಿರಬೇಕು, ಎರಡಕ್ಕೂ ದುಡ್ಡು ಕೊಡುತ್ತೇವೆ.

ಫೀನಾಲಿನ ವಿಷಯ ನೋಡಿ. 1980ರ ಸುಮಾರಿಗೆ ಅಮೆರಿಕದ ಅಲೆಕ್ಸಾಂಡರ್ ಕ್ಲಿಬನೋವ್ ಹಾರ್ಸ್‌ರ‍್ಯಾಡಿಶ್ ಗೆಡ್ಡೆಯ ಪೆರಾಕ್ಸಿಡೇಸ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕೊಳಚೆಯ ಫೀನಾಲನ್ನು ತೆಗೆದು ತೋರಿಸಿದ. ಫೀನಾಲುಗಳು ಒಂದಕ್ಕೊಂದು ಹೆಣೆದುಕೊಂಡು, ಕರಗದೆ, ತಳಕ್ಕೆ ಇಳಿದವು. ನೀರು ತಿಳಿಯಾಯಿತು, ಗಷ್ಟು ತಳದಲ್ಲಿ ಉಳಿಯಿತು. ಕೆಲಸ ಮಾಡಿಸಿಯೂ ತಾನು ಬದಲಾಗದೆ ಉಳಿಯುವುದು ವೇಗವರ್ಧಕದ ಲಕ್ಷಣ ಎಂದು ಶಾಲೆಯಲ್ಲಿ ಕಲಿತದ್ದಿದೆ. ಇಲ್ಲಿ ಹಾಗಾಗುವುದಿಲ್ಲ. ಪೆರಾಕ್ಸೈಡಿನ ಹೊಡೆತಕ್ಕೆ ಸಿಕ್ಕಿ, ತಾನೇ ಹೆಣೆದ ಬಲೆಗೆ ಅಂಟಿ ಕಿಣ್ವವೂ ಸಾಯುತ್ತದೆ. ಅದನ್ನು ಕಾಪಾಡಲು ಪಾಲಿಎಥಿಲಿನ್ ಗ್ಲೈಕಾಲಿನಂಥ ಇನ್ನೊಂದು ವಸ್ತುವನ್ನು ನೀರಿಗೆ ಬೆರೆಸಬೇಕಾಯಿತು. ತೊಳೆಯುವ ಕೈಗೂ ಕೊಳೆ ಮೆತ್ತುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಅದಕ್ಕಿಂತ ಮೋಸದ್ದು ಕಣ್ಣಿನ ಸಾಕ್ಷಿ. ಜವಳಿಯಲ್ಲಿ ಬಹುಪಾಲು ಬಳಕೆಯಾಗುವ ಅಜೋ ಬಣ್ಣಗಳ ಪ್ರಾಣವಿರುವುದು ಎರಡು ನೈಟ್ರೋಜನ್ನುಗಳ ನಡುವಿನ ಜೋಡಿಬಂಧದಲ್ಲಿ. ಗಾಳಿಯಾಡದ ತೊಟ್ಟಿಯ ಬ್ಯಾಕ್ಟೀರಿಯಾಗಳು ಅಜೋರಿಡಕ್ಟೇಸ್ ಕಿಣ್ವದಿಂದ ಅದನ್ನು ಕತ್ತರಿಸಿದರೆ ಬಣ್ಣ ಮಾಯ. ಉಳಿಯುವುದು ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೀನುಗಳು. ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ದಾರಿ ಮಾಡುವಂಥವು. ಕೆಂಪಾಗಿದ್ದ ನೀರು ಕನಿಷ್ಠ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. ಆ ಅಮೀನುಗಳನ್ನು ಗಾಳಿಯಾಡುವ ಇನ್ನೊಂದು ತೊಟ್ಟಿಯಲ್ಲಿ ಬೇರೆ ಜೀವಿಗಳು ತಿನ್ನಬೇಕು. ಕಿಣ್ವದ ಹೆಸರೊಂದೇ ಸಾಲದು. ನಿಂಬೆ-ಮೂಸಂಬಿ ಸಿಪ್ಪೆ, ಬೆಲ್ಲ, ನೀರು ಕೊಳೆಸಿದ ‘ಬಯೋ ಎಂಜೈಮ್’ ಅನ್ನು ಬೆಂಗಳೂರಿನ ಕೆರೆಗಳಿಗೆ ಸುರಿಯುವವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದರಲ್ಲಿ ಹೆಚ್ಚಿರುವುದು ಹುಳಿ. ಉಸಿರುಗಟ್ಟಿದ ಕೆರೆಗೆ ಅದು ಇನ್ನೊಂದು ತುತ್ತು.

ಶಿಲೀಂಧ್ರದ ಲ್ಯಾಕೇಸ್‌ಗಳಿಗೆ ಸಾಮಾನ್ಯವಾಗಿ ತುಸು ಹುಳಿ ನೀರು ಹಿತ. ಬಣ್ಣದ ತೊಟ್ಟಿಯಿಂದ ಬರುವ ನೀರು ಬಿಸಿ, ಕ್ಷಾರ, ಉಪ್ಪು. ಕಿಣ್ವವನ್ನು ಮಣಿಗಳಿಗೆ ಅಂಟಿಸಿ ಬಾಳಿಸುವ ಪ್ರಯತ್ನಗಳು ನಡೆದಿವೆ, ಇನ್ನೂ ನಡೆಯಬೇಕು. ಆದರೆ ನೊಯ್ಯಲ್ ದಂಡೆಯ ಹೊಲಬಾವಿಗಳನ್ನು ಕೆಡಿಸಿದ್ದರಲ್ಲಿ ದೊಡ್ಡ ಪಾಲು ಉಪ್ಪಿನದೇ. ನೂಲಿಗೆ ಬಣ್ಣ ಹತ್ತಲೆಂದು ತೊಟ್ಟಿಗೆ ಹೇರಳವಾಗಿ ಸುರಿಯುವ ಉಪ್ಪು. ಕೊಳೆಯಬಲ್ಲ ವಸ್ತುವಿಗೆ ಇನ್ನೊಂದಾಗುವ ದಾರಿಯಿದೆ, ಎಷ್ಟೇ ಹಟಮಾರಿ ಬಣ್ಣವಾದರೂ. ಉಪ್ಪಿನಲ್ಲಿ ಕಸಿಯಲು, ಮುರಿಯಲು ಕಿಣ್ವಕ್ಕೆ ಏನೂ ಸಿಗುವುದಿಲ್ಲ. ತಿರುಪ್ಪೂರಿನ ಶುದ್ಧೀಕರಣ ಘಟಕಗಳಲ್ಲಿ ನೀರನ್ನು ಸೋಸಿ, ಕಾಯಿಸಿ ಮರಳಿ ಪಡೆದ ಮೇಲೆ ಮಿಕ್ಕುವ ಕಲಬೆರಕೆ ಉಪ್ಪು ಚೀಲಗಳಲ್ಲಿ ತುಂಬಿ ಶೆಡ್ಡು ಸೇರುತ್ತದೆ. ಮಳೆ ತಾಗದಂತೆ ಅದನ್ನು ಯಾರಾದರೂ ಕಾಯುತ್ತಲೇ ಇರಬೇಕು.