ಬಾಡಿಗೆದಾರನಿಗೂ ಊರಿನ ಹೊಣೆ ಉಂಟೇ?

"ನಾವು ಬಾಡಿಗೆಗಿರೋರು, ನಮಗ್ಯಾಕೆ ಬಿಡಿ." ಈ ಮಾತನ್ನು ಚೆನ್ನೈಯ ಕನ್ನಡಿಗರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೀದಿದೀಪ ಕೆಟ್ಟರೂ ಇದೇ ಮಾತು, ಚರಂಡಿಯ ಮೇಲಿನ ಚಪ್ಪಡಿ ಮುರಿದು ಬಾಯಿ ತೆರೆದಿದ್ದರೂ ಇದೇ ಮಾತು. ಸೋಮಾರಿಗಳ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಒಂದು ನಿಜವಾದ ಪ್ರಶ್ನೆ ಇದೆ. ವೋಟು ಶಿವಮೊಗ್ಗದಲ್ಲಿ, ಜಮೀನು ಹಾಸನದಲ್ಲಿ, ಮನೆದೇವರು ಇನ್ನೆಲ್ಲೋ. ಅನ್ನ ಮಾತ್ರ ಚೆನ್ನೈಯಲ್ಲಿ. ಇಂಥವರಿಗೆ ಈ ಊರಿನ ಹೊಣೆ ಎಷ್ಟು?

ನಾನಿರುವುದು ನಗರದ ದಕ್ಷಿಣದ ಅಂಚಿನಲ್ಲಿ, ತಾಂಬರಂ ಕಡೆ. 2021ರ ನವೆಂಬರ್‌ನಲ್ಲಿ ತಾಂಬರಂ, ಪಲ್ಲಾವರಂ, ಪಮ್ಮಲ್ ಮೊದಲಾದ ಐದು ಪುರಸಭೆಗಳನ್ನೂ ಚಿಟ್ಲಪಾಕ್ಕಂ, ಪೆರುಂಗಳತ್ತೂರು ಮೊದಲಾದ ಐದು ಪಟ್ಟಣ ಪಂಚಾಯತಿಗಳನ್ನೂ ಸೇರಿಸಿ 70 ವಾರ್ಡುಗಳ ತಾಂಬರಂ ಮಹಾನಗರಪಾಲಿಕೆ ಮಾಡಿದರು. 2022ರ ಜನವರಿ 1ರಂದು ತಾಂಬರಂಗೆ ಬೇರೆಯದೇ ಪೊಲೀಸ್ ಕಮಿಷನರೇಟ್ ಬಂತು. ಹೀಗೆ ಉಪನಗರವೊಂದು ಒಂದೆರಡು ತಿಂಗಳಲ್ಲಿ ನಗರವಾಯಿತು.

ಆದರೆ ಊರಿನ ಕೆಲಸ ಒಂದೇ ಕಚೇರಿಯಲ್ಲಿ ನಡೆಯುವುದಿಲ್ಲ. ಬೀದಿದೀಪ ಪಾಲಿಕೆಯದು, ಅದಕ್ಕೆ ಬರುವ ಕರೆಂಟು ವಿದ್ಯುತ್ ಮಂಡಳಿಯದು. ಒಳರಸ್ತೆ ಪಾಲಿಕೆಯದು, ಜಿಎಸ್‌ಟಿ ರಸ್ತೆ ಹೆದ್ದಾರಿಯವರದು. ದೊಡ್ಡ ಕೆರೆ ಜಲಸಂಪನ್ಮೂಲ ಇಲಾಖೆಯದು, ಅದರೊಳಗೆ ಬೀಳುವ ಕಸ ಮಾತ್ರ ಎಲ್ಲರದು. ಪಳ್ಳಿಕರಣೈಯಂಥ ಕಡೆ ಪಾಲಿಕೆ ಚೆನ್ನೈಯದ್ದಾದರೆ ಪೊಲೀಸರು ತಾಂಬರಂ ಕಮಿಷನರೇಟಿನವರು. ಇಂಥಲ್ಲಿ ಒಂದು ಅಪಾಯ ಕಣ್ಣಿಗೆ ಬಿದ್ದರೆ ಅದು ಯಾರ ಪಾಲಿನದು ಎಂದು ಹುಡುಕುವಷ್ಟರಲ್ಲೇ ಅರ್ಧ ದಿನ ಹೋಗುತ್ತದೆ.

ಪಲ್ಲಾವರಂ–ತೊರೈಪಾಕ್ಕಂ ರಸ್ತೆಯಲ್ಲಿ, ಇದೇ ಪಳ್ಳಿಕರಣೈಯ ಬಳಿ, 2019ರ ಸೆಪ್ಟೆಂಬರ್ 12ರಂದು ನಡೆದದ್ದನ್ನು ಇಲ್ಲಿಯವರು ಮರೆತಿಲ್ಲ. ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ 23 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಹುಡುಗಿಯ ಮೇಲೆ ರಸ್ತೆ ವಿಭಜಕದಲ್ಲಿ ಕಟ್ಟಿದ್ದ ಬ್ಯಾನರ್ ಬಿತ್ತು. ಆಯತಪ್ಪಿ ಕೆಳಗೆ ಬಿದ್ದವಳ ಮೇಲೆ ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ಹರಿಯಿತು. ಬ್ಯಾನರು ಕಟ್ಟಿದ್ದು ಒಂದು ರಾಜಕೀಯ ಪಕ್ಷದವರ ಮನೆಯ ಮದುವೆಗೆ. ಇಂಥ ಬ್ಯಾನರುಗಳಿಗೆ ಮದ್ರಾಸ್ ಹೈಕೋರ್ಟು 2018ರ ಡಿಸೆಂಬರ್‌ನಲ್ಲೇ ತಡೆ ಹಾಕಿತ್ತು. ಅಂದರೆ ಕಾನೂನು ಇತ್ತು, ಆದೇಶ ಇತ್ತು, ಜಾರಿ ಮಾಡಬೇಕಾದ ಅಧಿಕಾರಿಗಳೂ ಇದ್ದರು.

ಆ ಸಾವಿನ ತಪ್ಪನ್ನು ಹಂಚಲು ಕೂತರೆ ಕಟ್ಟಿಸಿದವರು, ಮುದ್ರಿಸಿದವರು, ಕಂಡೂ ಕಾಣದಂತಿದ್ದ ಅಧಿಕಾರಿ, ಲಾರಿ ಓಡಿಸಿದವನು ಎಂದು ಪಟ್ಟಿ ಮಾಡಬಹುದು. ಕೋರ್ಟಿನ ಕೆಲಸ ಅದು, ಆಗಲೇಬೇಕಾದ ಕೆಲಸ. ಆದರೆ ಆ ಕೆಲಸ ಶುರುವಾಗುವುದೇ ಸಾವಾದ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ. ಆ ಬ್ಯಾನರಿನ ಪಕ್ಕದಿಂದ ಅಂದು ಹಾದುಹೋದ ಸಾವಿರಾರು ಜನ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಬರಬಾರದು ಕೂಡ, ಅವರು ತಪ್ಪಿತಸ್ಥರಲ್ಲ. ಆದರೂ ಅದು ಬೀಳುವ ಮೊದಲು ಅದನ್ನು ಕಂಡವರು ಅವರೊಬ್ಬರೇ. ತಪ್ಪು ಮತ್ತು ಹೊಣೆ ಎಂಬ ಎರಡು ಮಾತನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ತಪ್ಪು ಆಗಿಹೋದದ್ದರ ಲೆಕ್ಕ. ಹೊಣೆ ಇನ್ನೂ ಆಗದೆ ಇರುವುದಕ್ಕೆ ಸೇರಿದ್ದು. ತಪ್ಪು ಯಾರದೆಂದು ತಿಳಿಯಲು ಅಧಿಕಾರ ಯಾರಿಗಿತ್ತು ಎಂದು ಕೇಳಬೇಕು. ಹೊಣೆ ಯಾರದೆಂದು ತಿಳಿಯಲು ಮೊದಲು ಕಂಡವರು ಯಾರು ಎಂದು ಕೇಳಿದರೆ ಸಾಕು. ಕಣ್ಣಿಗೆ ಸ್ವಂತ ಮನೆ, ಬಾಡಿಗೆ ಮನೆ ಎಂಬ ಭೇದವಿಲ್ಲ.

ಇದಕ್ಕೆ ಎದುರು ಮಾತು ಇದೆ, ಅದು ಹಗುರವಾದದ್ದೂ ಅಲ್ಲ. "ಸಂಬಳ ತೆಗೆದುಕೊಳ್ಳುವವರು ಅವರು, ತೆರಿಗೆ ಕಟ್ಟುವವರು ನಾವು. ಅವರ ಕೆಲಸವನ್ನು ನಾವೇಕೆ ಮಾಡಬೇಕು?" ನಿಜ. ಜನ ತಾವೇ ಗುಂಡಿ ಮುಚ್ಚಲು ನಿಂತರೆ ಗುಂಡಿ ಮುಚ್ಚಬೇಕಾದವರು ಆರಾಮಾಗುತ್ತಾರೆ. ಇನ್ನೊಂದು ಮಾತೂ ಇದೆ: ದೂರು ಕೊಡಲು ಸಮಯ ಬೇಕು, ಭಾಷೆ ಬೇಕು, ಧೈರ್ಯ ಬೇಕು. ದಿನಗೂಲಿಯವನಿಗೆ ಇವು ಮೂರೂ ದುಬಾರಿ. ಹಾಗಾಗಿ ಹೊಣೆಯನ್ನು ಎಲ್ಲರ ಮೇಲೂ ಸಮನಾಗಿ ಹೊರಿಸುವುದು ನ್ಯಾಯವಲ್ಲ. ನನ್ನ ಮಾತು ಇಷ್ಟೇ. ಗುಂಡಿ ಮುಚ್ಚುವುದು ಅವರ ಕೆಲಸ, ಗುಂಡಿ ಇದೆ ಎಂದು ಹೇಳುವುದು ಕಂಡವರ ಕೆಲಸ. ಲ್ಯಾಪ್‌ಟಾಪು, ಇಂಟರ್ನೆಟ್ಟು, ಶನಿವಾರದ ರಜೆ ಇರುವ ನಮ್ಮಂಥವರಿಗೆ ಅದು ಹೆಚ್ಚು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತದೆ ನಮ್ಮ ಗಾದೆ. ಉಪನಗರಕ್ಕೆ ಬಂದವಳು ನೀರಿಗೆ ಹೋಗಬೇಕಿಲ್ಲ. ಕ್ಯಾನ್ ನೀರು ಮೂರನೇ ಮಹಡಿಗೇ ಬರುತ್ತದೆ. ಊರಿನವರನ್ನು ಭೇಟಿಯಾಗುವ ಜಾಗವೇ ಇಲ್ಲವಾಗಿದೆ. ಆದರೆ ಈಶಾನ್ಯ ಮಾರುತದ ಮಳೆಯಲ್ಲಿ ನೀರೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. 2015ರ ಡಿಸೆಂಬರ್ ಮೊದಲ ವಾರ ತಾಂಬರಂನಲ್ಲಿ 24 ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು. ಅಡ್ಯಾರ್ ನದಿ ಉಕ್ಕಿ ಮುಡಿಚೂರಿನ ಬೀದಿಗಳಲ್ಲಿ ದೋಣಿಗಳು ಓಡಾಡಿದವು. ನೀರು ಮನೆಗೆ ನುಗ್ಗುವಾಗ ಮಾಲೀಕ ಯಾರು, ಬಾಡಿಗೆದಾರ ಯಾರು ಎಂದು ಕೇಳಲಿಲ್ಲ.

ಇಲ್ಲಿ ಹೊಣೆಯ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಪಳ್ಳಿಕರಣೈ ಜೌಗುಭೂಮಿ ಸುತ್ತಲಿನ ಹತ್ತಾರು ಕೆರೆಗಳ ಹೆಚ್ಚುವರಿ ನೀರನ್ನು ಹೀರಿಕೊಳ್ಳುತ್ತಿದ್ದ ಜಾಗ. 2022ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಆದರೆ ಅಷ್ಟರಲ್ಲಿ ಅದರ ಬಹುಪಾಲು ರಸ್ತೆ, ಕಸದ ರಾಶಿ, ಐಟಿ ಕಟ್ಟಡ, ಅಪಾರ್ಟ್‌ಮೆಂಟುಗಳ ಕೆಳಗೆ ಹೋಗಿತ್ತು. ಒತ್ತುವರಿ ಎಂದು ನಾವು ದೂರು ಕೊಟ್ಟಾಗ ಮೊದಲು ಹೋಗುವುದು ಹೊಳೆದಂಡೆಯ ಗುಡಿಸಲು. ಅಲ್ಲಿಂದ ಎಬ್ಬಿಸಿದವರಲ್ಲಿ ಎಷ್ಟೋ ಕುಟುಂಬಗಳನ್ನು ಸಾಗಿಸಿದ್ದು ಪೆರುಂಬಾಕ್ಕಂಗೆ, ಅಂದರೆ ಅದೇ ಜೌಗಿನ ಮಗ್ಗುಲಿಗೆ, ಮಳೆ ಬಂದರೆ ಮತ್ತೆ ನೀರು ನಿಲ್ಲುವ ಜಾಗಕ್ಕೆ. ಆದ್ದರಿಂದ ಕಂಡವರ ಕಣ್ಣು ಮೊದಲು ತನ್ನ ಗೇಟಿನೊಳಗೆ ನೋಡಬೇಕು. ನಮ್ಮ ಕಟ್ಟಡದ ಮಳೆನೀರು ಎಲ್ಲಿಗೆ ಹೋಗುತ್ತದೆ? ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿ ತನ್ನ ಹೊಟ್ಟೆಯನ್ನು ಎಲ್ಲಿ ಖಾಲಿ ಮಾಡುತ್ತದೆ? ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಪ್ರಶ್ನೆ ಎತ್ತಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ: "ಸಾರ್, ನೀವು ಓನರ್ರಾ, ಟೆನೆಂಟಾ?"

ಟೆನೆಂಟೇ. ಆದರೆ ಕಾನೂನಿಗೆ ಅದು ಅಡ್ಡಿಯಾಗುವುದಿಲ್ಲ. ಮತದಾರರ ಪಟ್ಟಿಗೆ ಬೇಕಾದದ್ದು ಸ್ವಂತ ಮನೆಯಲ್ಲ, ಸಾಮಾನ್ಯವಾಗಿ ವಾಸವಿರುವ ಜಾಗ. ಮಾಹಿತಿ ಹಕ್ಕಿನ ಅರ್ಜಿ ಹಾಕಲು ಪೌರನಾಗಿದ್ದರೆ ಸಾಕು. 2019ರ ಬೇಸಿಗೆಯಲ್ಲಿ ಚೆನ್ನೈಗೆ ಚೆನ್ನೈಯೇ ನೀರಿಲ್ಲದೆ ಒಣಗಿದಾಗ ಚಿಟ್ಲಪಾಕ್ಕಂನ ನಿವಾಸಿಗಳು ವಾರಾಂತ್ಯಗಳಲ್ಲಿ ತಮ್ಮ ಕೆರೆಗಿಳಿದು ಕಸ ತೆಗೆದರು. ಆಮೇಲೆ ಸರ್ಕಾರವೂ ಆ ಕೆರೆಗೆ ಹಣ ಕೊಟ್ಟಿತು. ಜನ ಮಾಡಿದ್ದರಿಂದ ಸರ್ಕಾರ ಆರಾಮಾಗುತ್ತದೆ ಎಂಬ ನನ್ನ ಅಳುಕಿಗೆ ಆ ಕೆರೆ ಒಂದು ಉತ್ತರ.

ತಮಿಳುನಾಡಿನಲ್ಲಿ ನವೆಂಬರ್ 1 ಸ್ಥಳೀಯ ಸಂಸ್ಥೆಗಳ ದಿನ. ವಾರ್ಡಿನ ಜನ ಕೂತು ಚರಂಡಿ, ದೀಪ, ರಸ್ತೆಯ ಮಾತಾಡುವ ಪ್ರದೇಶಸಭೆಗಳು ನಗರಗಳಲ್ಲಿ ಶುರುವಾದದ್ದು 2022ರ ಅದೇ ದಿನ. ತಾಂಬರಂ ಪಾಲಿಕೆಯ ಪಮ್ಮಲ್‌ನ ಸಭೆಗೆ ಮುಖ್ಯಮಂತ್ರಿ ಸ್ಟಾಲಿನ್ ಬಂದಿದ್ದರು. ನಮಗೆ ಅದು ರಾಜ್ಯೋತ್ಸವದ ದಿನ. ಬಾವುಟ, ಭಾವಗೀತೆ, ಬಿಸಿಬೇಳೆಬಾತು. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಭಾಷೆಯ ಋಣ ಒಂದು ಕಡೆ, ನೆರೆಹೊರೆಯ ಋಣ ಇನ್ನೊಂದು ಕಡೆ. ಒಂದು ಮತ್ತೊಂದನ್ನು ತೀರಿಸುವುದಿಲ್ಲ. ರಾಜ್ಯೋತ್ಸವದ ಸಭೆ ಸಂಜೆಗಿದ್ದರೆ ಬೆಳಿಗ್ಗೆ ವಾರ್ಡಿನ ಸಭೆಗೆ ಹೋಗಬಹುದು. ಹರಕು ತಮಿಳಾದರೂ ಚಪ್ಪಡಿ ಮುರಿದಿದೆ ಎಂದು ಹೇಳುವುದಕ್ಕೆ ಧಾರಾಳ ಸಾಕಾಗುತ್ತದೆ.